ಪಂಪ್‌ಹೌಸ್ ಕೆಂಚನ ಫೈಲು

ಪಾಲಿಬೆಟ್ಟ
20 ಜನವರಿ 2025

ದಾಖಲೆ ವಿಭಾಗದವರಿಗೆ,

ಮಾನ್ಯರೇ,

ನನ್ನ ಹೆಸರು ತುಳಸಿ. ಪಾಲಿಬೆಟ್ಟದ ಹತ್ತಿರದ ಒಂದು ಕಾಫಿ ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ ಇದ್ದೇನೆ, ಇಲ್ಲಿನ ಅಂಗನವಾಡಿಯಲ್ಲಿ ಸಹಾಯಕಿ. ನಮ್ಮ ತಂದೆ ಕೆಂಚ, ವಯಸ್ಸು ಐವತ್ತಾರು, ಇದೇ ಎಸ್ಟೇಟಿನ ಪಂಪ್‌ಹೌಸ್ ನೋಡಿಕೊಳ್ಳುತ್ತಾರೆ. ಈ ತಿಂಗಳ ಹನ್ನೊಂದನೇ ತಾರೀಕು ಶನಿವಾರ ಅವರನ್ನು ಎಸ್ಟೇಟಿನ ಜೀಪಿನಲ್ಲಿ ಕುಶಾಲನಗರದ ನಿಮ್ಮ ಆಸ್ಪತ್ರೆಗೆ ಕರೆದುಕೊಂಡು ಬಂದು ಮನಸ್ಸಿನ ಡಾಕ್ಟರಿಗೆ ತೋರಿಸಿದ್ದರು.

ಲೈನಿನ ಹೆಂಗಸರು ಪಿಕಿಂಗ್ ಮುಗಿಸಿ ಬಂದು ಸ್ನಾನ ಮಾಡುವ ಬಚ್ಚಲಿಗೆ ಹಿಂದಿನಿಂದ ಯಾರೋ ಇಣುಕುತ್ತಾರೆ ಎಂದು ನಾವೇ ಮ್ಯಾನೇಜರಿಗೆ ದೂರು ಕೊಟ್ಟಿದ್ದೆವು. ಪಂಪ್‌ಹೌಸ್ ಇರುವುದು ಆ ಬಚ್ಚಲಿನ ಹಿಂದೆ. ಆದ್ದರಿಂದ ಅದು ನಮ್ಮ ತಂದೆಯೇ ಎಂದು ಆಫೀಸಿನಲ್ಲಿ ತೀರ್ಮಾನ ಮಾಡಿದರು.

ಬಿಲ್ಲು ಎಸ್ಟೇಟಿನದ್ದಾದ್ದರಿಂದ ಆಸ್ಪತ್ರೆಯ ಕಾಗದ ನಮಗೆ ಬರಲಿಲ್ಲ, ಆಫೀಸಿಗೆ ಹೋಯಿತು. ಬೆಳಗಿನ ಹಾಜರಿಯ ಹೊತ್ತಿಗೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಅಶೋಕ್ ಅದನ್ನು ಎಲ್ಲರ ಮುಂದೆ ಓದಿದರು. ಅದರಲ್ಲಿ ಎಫ್ 65.3 ಎಂದು ಇದೆ, ಪಕ್ಕದಲ್ಲಿ ಇಂಗ್ಲಿಷಿನಲ್ಲಿ ವಾಯರಿಸಂ ಎಂದು ಇದೆ. ನಾನು ಪಿಯುಸಿವರೆಗೆ ಓದಿದ್ದೇನೆ. ಅದರ ಅರ್ಥ ಫೋನಿನಲ್ಲಿ ಹುಡುಕಿ ನೋಡಿದೆ, ಬೇರೆಯವರ ಬೆತ್ತಲೆ ಮೈ ಕದ್ದು ನೋಡುವ ಕಾಯಿಲೆಯಂತೆ.

ಯಾವ ಪರೀಕ್ಷೆ ಮಾಡಿ ಇದನ್ನು ಬರೆದಿರಿ ಎಂದು ದಯವಿಟ್ಟು ತಿಳಿಸಬೇಕು. ಡಾಕ್ಟರು ಬರೆದ ಚೀಟಿಯ ಪ್ರತಿಯೂ ಬೇಕು.

ಉತ್ತರವನ್ನು ಕೆಳಗಿನ ಅಂಗನವಾಡಿ ವಿಳಾಸಕ್ಕೇ ಕಳಿಸಿ. ಎಸ್ಟೇಟಿನ ಟಪಾಲು ಚೀಲ ಮೊದಲು ರೈಟರ ಕೈಗೆ ಹೋಗುತ್ತದೆ. ಹಾಜರಿ ಬರೆಯುವವರೂ ಅವರೇ, ಕಾಗದ ಹಂಚುವವರೂ ಅವರೇ.

ಇಂತಿ,
ತುಳಸಿ


ಕುಶಾಲನಗರ
27 ಜನವರಿ 2025

ತುಳಸಿ ಅವರಿಗೆ,

ನಿಮ್ಮ ಪತ್ರ ತಲುಪಿದೆ. ರೋಗಿಯ ದಾಖಲೆಯನ್ನು ರೋಗಿಗಲ್ಲದೆ ಬೇರೆ ಯಾರಿಗೂ ಕೊಡುವ ಹಾಗಿಲ್ಲ, ಮಗಳಾದರೂ ಸರಿಯೇ. ಅವರದೇ ಸಹಿ ಅಥವಾ ಹೆಬ್ಬೆಟ್ಟಿನ ಅರ್ಜಿ ಬೇಕು. ಉತ್ತರವನ್ನು ಫೈಲಿನಲ್ಲಿರುವ ವಿಳಾಸಕ್ಕೆ ಮಾತ್ರ ಕಳಿಸಬೇಕೆಂಬುದು ನಮ್ಮ ನಿಯಮ, ಹಾಗಾಗಿ ಎಸ್ಟೇಟಿನ ವಿಳಾಸಕ್ಕೇ ಕಳಿಸುತ್ತಿದ್ದೇನೆ.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ನಿಮ್ಮ ಪತ್ರ ಓದಿದ ಮೇಲೆ ಸುಮ್ಮನಿರಲು ಆಗುತ್ತಿಲ್ಲ.

ನಾನೂ ಹೆಣ್ಣು. ದಿನಕ್ಕೆ ಎಪ್ಪತ್ತು ಎಂಬತ್ತು ಫೈಲು ನನ್ನ ಕೈಯಲ್ಲಿ ಹಾದು ಹೋಗುತ್ತವೆ. ಕೊಳೆತ ಕಾಲು, ಕೀವು, ವಾಂತಿ, ಎಲ್ಲವನ್ನೂ ಓದಿ ಮಧ್ಯಾಹ್ನ ಬುತ್ತಿ ಬಿಚ್ಚಿ ಊಟ ಮಾಡುವವಳು ನಾನು. ನಿಮ್ಮ ತಂದೆಯ ಫೈಲು ಮುಗಿಸಿದ ದಿನ ಊಟ ಸೇರಲಿಲ್ಲ. ಎರಡು ಸಲ ಸೋಪು ಹಾಕಿ ಕೈ ತೊಳೆದೆ. ದಿನವಿಡೀ ಗಿಡದ ಬುಡದಲ್ಲಿ ಬೆನ್ನು ಬಗ್ಗಿಸಿ ಬಂದ ಹೆಂಗಸರು ಎರಡು ಚೊಂಬು ನೀರು ಹೊಯ್ದುಕೊಳ್ಳುವಾಗ ಕಿಂಡಿಯಲ್ಲಿ ಕಣ್ಣಿಡುವವನನ್ನು ಏನೆಂದು ಕರೆಯಬೇಕು? ನಾವು ಅದನ್ನು ಕಾಯಿಲೆ ಎಂದು ಕರೆದದ್ದೇ ದೊಡ್ಡ ಮರ್ಯಾದೆ.

ತಂದೆ ಎಂಬ ಮಮತೆ ನಿಮಗಿರಬಹುದು. ಆದರೆ ಆ ಬಚ್ಚಲಿನಲ್ಲಿ ನೀವೂ ಸ್ನಾನ ಮಾಡುವವರೇ ಅಲ್ಲವೇ? ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಕಾಗದ ತಿದ್ದಿಸಲು ಓಡಾಡುತ್ತಿರಲಿಲ್ಲ. ಔಷಧಿ ಕೊಡಿಸುತ್ತಿದ್ದೆ.

ದಿವ್ಯಶ್ರೀ
ಕೋಡಿಂಗ್ ಸಹಾಯಕಿ, ದಾಖಲೆ ವಿಭಾಗ


ಪಾಲಿಬೆಟ್ಟ
6 ಫೆಬ್ರವರಿ 2025

ದಿವ್ಯಶ್ರೀ ಮೇಡಂ ಅವರಿಗೆ,

ನಿಮ್ಮ ಕಾಗದ ಎಸ್ಟೇಟಿನ ಚೀಲದಲ್ಲಿ ಬಂತು. ನನ್ನ ಕೈಗೆ ಬರುವಾಗ ಲಕೋಟೆಯ ಬಾಯಿ ಹರಿದಿತ್ತು. ಹಾಜರಿಗೆ ನಿಂತ ಸಾಲಿನ ಮುಂದೆ ರೈಟರ್ ಅದನ್ನು ನನಗೆ ಕೊಟ್ಟು, ಆಸ್ಪತ್ರೆ ಅಕ್ಕ ಕೈ ತೊಳೆದುಕೊಂಡರಂತೆ, ನೀವೂ ತೊಳೆದುಕೊಳ್ಳಿ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಒಂದಿಬ್ಬರು ನಕ್ಕರು. ಉಳಿದವರು ನನ್ನ ಅಪ್ಪನ ಕಡೆ ಉಗಿದರು. ಅಪ್ಪ ಸಾಲಿನ ಕೊನೆಯಲ್ಲಿ ನಿಂತಿದ್ದ.

ಅಂಗನವಾಡಿಗೆ ಕಳಿಸಿ ಎಂದು ನಾನು ಯಾಕೆ ಬರೆದೆ ಎಂದು ನೀವು ಒಂದು ಗಳಿಗೆ ಯೋಚನೆ ಮಾಡಲಿಲ್ಲ. ರೋಗಿಯ ವಿಷಯ ಮಗಳಿಗೂ ಹೇಳಬಾರದು ಎನ್ನುತ್ತೀರಿ. ಅದೇ ಕಾಗದವನ್ನು ಎಸ್ಟೇಟ್ ಆಫೀಸಿಗೆ ಕಳಿಸುತ್ತೀರಿ. ಇದು ಯಾವ ಸೀಮೆ ನಿಯಮ?

ಇರಲಿ. ಹೆಬ್ಬೆಟ್ಟು ಬೇಕು ಅಂದಿರಿ, ಇಗೋ ಅಪ್ಪನ ಹೆಬ್ಬೆಟ್ಟಿನ ಅರ್ಜಿ ಇದರ ಜೊತೆ ಇಟ್ಟಿದ್ದೇನೆ. ಆಧಾರ್ ಕಾರ್ಡಿನ ಪ್ರತಿಯೂ ಇದೆ.

ಅವತ್ತು ಒಳಗೆ ಏನು ನಡೆಯಿತು ಎಂದು ಅಪ್ಪನನ್ನು ಕೇಳಿದೆ. ಅವನು ಮಾತು ಕಡಿಮೆ ಮಾಡಿದ್ದಾನೆ, ಬಾಯಿ ಬಿಡಿಸಲು ಎರಡು ದಿನ ಹಿಡಿಯಿತು. ಡಾಕ್ಟರಮ್ಮ ರೈಟರನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರಂತೆ. ಹೆಸರು ಕೇಳಿದರು, ನಿದ್ರೆ ಬರುತ್ತದಾ ಕೇಳಿದರು, ಹೀಗೆ ಹೇಳುತ್ತಾರಲ್ಲ ನಿಜವಾ ಕೇಳಿದರು. ಅಪ್ಪ ಇಲ್ಲ ಅಂದ. ಆಮೇಲೆ ಅವರು ಅವನ ಮುಖದ ಹತ್ತಿರ ಕೈ ಹಿಡಿದು ಕಣ್ಣು ಎಷ್ಟು ಕಾಣುತ್ತದೆ ಎಂದು ಕೇಳಿದರು. ಎರಡು ವಾರ ಬಿಟ್ಟು ಬಾ ಅಂದರು. ಬೈಯಲಿಲ್ಲ, ಮಾತ್ರೆಯನ್ನೂ ಕೊಡಲಿಲ್ಲ. ಇಷ್ಟರಲ್ಲಿ ಕಾಯಿಲೆ ಎಲ್ಲಿ ಸಿಕ್ಕಿತು ನಿಮಗೆ? ಎರಡು ವಾರದ ಮೇಲೆ ಜೀಪು ಕೇಳಿದರೆ ರೈಟರ್ ಕೊಡಲಿಲ್ಲ. ಕಾಯಿಲೆ ಗೊತ್ತಾಯಿತಲ್ಲ, ಇನ್ನೇನು ತೋರಿಸುವುದು ಅಂದ.

ಈ ತಿಂಗಳ ಕೊನೆಯೊಳಗೆ ಮನೆ ಖಾಲಿ ಮಾಡಬೇಕೆಂದು ಮ್ಯಾನೇಜರ್ ಹೇಳಿದ್ದಾರೆ. ಅಪ್ಪ ಹುಟ್ಟಿದ್ದು ಇದೇ ಲೈನಿನಲ್ಲಿ. ನಾನಿರಬಹುದಂತೆ, ಅವನು ಇರಬಾರದಂತೆ.

ಆ ಬಚ್ಚಲಿನಲ್ಲಿ ನೀವೂ ಸ್ನಾನ ಮಾಡುವವರೇ ಅಲ್ಲವೇ ಎಂದು ಬರೆದಿದ್ದೀರಿ. ಹೌದು. ಮೊದಲು ನೋಡಿದವಳು, ಮೊದಲು ದೂರು ಹೇಳಿದವಳು ನಾನೇ. ತಗಡಿನ ತೂತಿನಲ್ಲಿ ಒಂದು ಕಣ್ಣು ಇತ್ತು. ಬರೀ ಕಣ್ಣು. ಅದು ಯಾರದ್ದು ಎಂದು ನಾನು ಯಾರ ಹತ್ತಿರವೂ ಹೇಳಿಲ್ಲ, ಯಾಕೆಂದರೆ ನನಗೂ ಗೊತ್ತಿಲ್ಲ.

ಈ ಸಲ ಅಂಗನವಾಡಿಗೆ ಕಳಿಸಿ.

ತುಳಸಿ


ಕುಶಾಲನಗರ
14 ಫೆಬ್ರವರಿ 2025

ತುಳಸಿಯವರೇ,

ಅರ್ಜಿ ಸಿಕ್ಕಿತು. ನನ್ನ ಹಿಂದಿನ ಪತ್ರ ಬೇರೆಯವರ ಕೈಗೆ ಸಿಕ್ಕಿದ್ದಕ್ಕೆ ಬೇಸರವಾಯಿತು. ನಿಯಮ ಇದ್ದದ್ದು ಹಾಗೆ. ಇನ್ನು ಮುಂದೆ ಈ ವಿಳಾಸಕ್ಕೇ ಬರೆಯುತ್ತೇನೆ.

ನಮ್ಮ ಕೆಲಸ ಹೇಗೆ ನಡೆಯುತ್ತದೆ ಎಂದು ನಿಮಗೆ ತಿಳಿದಿದ್ದರೆ ಒಳ್ಳೆಯದು. ನಾವು ರೋಗಿಯನ್ನು ನೋಡುವುದೇ ಇಲ್ಲ. ಡಾಕ್ಟರ್ ಬರೆದ ಟಿಪ್ಪಣಿ ಸಂಜೆ ನಮ್ಮ ಮೇಜಿಗೆ ಬರುತ್ತದೆ. ಮುರಿದ ಕೈಗೆ ಒಂದು ಕೋಡ್, ಸಕ್ಕರೆ ಕಾಯಿಲೆಗೆ ಒಂದು, ಹಾವು ಕಚ್ಚಿದ್ದಕ್ಕೆ ಒಂದು. ಯಾವ ಊರಿನಲ್ಲಿ ಯಾರು ಓದಿದರೂ ಕಾಯಿಲೆ ಇದೇ ಎಂದು ತಿಳಿಯಲಿ ಎಂದು ಈ ಏರ್ಪಾಡು. ಕಂಪ್ಯೂಟರಿನಲ್ಲಿ ಕಾಯಿಲೆಯ ಜಾಗಕ್ಕೆ ಕೋಡ್ ಹಾಕದೆ ಫೈಲು ಮುಚ್ಚುವುದಿಲ್ಲ. ಮುಚ್ಚದ ಫೈಲುಗಳ ಪಟ್ಟಿ ಮರುದಿನ ಬೆಳಿಗ್ಗೆ ನಮ್ಮ ಆಡಳಿತಾಧಿಕಾರಿ ಚನ್ನಮಲ್ಲಪ್ಪನವರ ಮೇಜಿನ ಮೇಲೆ ಇರುತ್ತದೆ.

ನಿಮ್ಮ ತಂದೆಯನ್ನು ನೋಡಿದ ಡಾಕ್ಟರ್ ಪ್ರಿಯಾ ಮೈಸೂರಿನವರು, ಶನಿವಾರ ಮಾತ್ರ ಬರುತ್ತಾರೆ. ಅವರ ಟಿಪ್ಪಣಿಯನ್ನು ಅವರ ಒಪ್ಪಿಗೆ ಇಲ್ಲದೆ ಕಳಿಸುವುದು ಸರಿಯಲ್ಲ. ನಾಳೆ ಬಂದಾಗ ಕೇಳುತ್ತೇನೆ. ಸ್ವಲ್ಪ ತಡವಾಗಬಹುದು, ದಯವಿಟ್ಟು ತಾಳ್ಮೆ ಇರಲಿ.

ನಿಮ್ಮ ತಂದೆ ಇದಕ್ಕೆ ಮೊದಲು ಬೇರೆ ಯಾವುದಕ್ಕಾದರೂ ನಮ್ಮ ಆಸ್ಪತ್ರೆಗೆ ಬಂದಿದ್ದರೇ? ಗೊತ್ತಿದ್ದರೆ ತಿಳಿಸಿ.

ದಿವ್ಯಶ್ರೀ


ಪಾಲಿಬೆಟ್ಟ
3 ಮಾರ್ಚ್ 2025

ದಿವ್ಯಶ್ರೀ ಮೇಡಂ,

ಒಂದಲ್ಲ, ಮೂರು ಶನಿವಾರ ಆಯಿತು. ತಾಳ್ಮೆ ಇರಲಿ ಅಂದಿರಿ. ತಾಳ್ಮೆಯ ಮನುಷ್ಯ ಮನೆಯಲ್ಲಿಲ್ಲ ಈಗ. ಫೆಬ್ರವರಿ ಇಪ್ಪತ್ತಕ್ಕೆ ಅಪ್ಪ ಎರಡು ಪಂಚೆ, ಕಂಬಳಿ ಸುತ್ತಿಕೊಂಡು ತಿತಿಮತಿಯ ಕಡೆ ನನ್ನ ಸೋದರತ್ತೆಯ ಮನೆಗೆ ಹೋದ. ನಾನು ಅಂಗನವಾಡಿಯಲ್ಲಿದ್ದೆ. ಪಂಪ್‌ಹೌಸಿನ ಬೀಗದ ಕೈಯನ್ನು ಪಕ್ಕದ ಮನೆಯ ಮುತ್ತಕ್ಕನ ಹತ್ತಿರ ಕೊಟ್ಟು ಹೋಗಿದ್ದ.

ಅವನು ಹೋಗಿ ಐದು ದಿನ ಆಗಿತ್ತು. ಸಂಜೆ ಮುತ್ತಕ್ಕ ಸ್ನಾನಕ್ಕೆ ಹೋದಳು. ತಗಡಿನ ತೂತಿನಲ್ಲಿ ಮತ್ತೆ ಕಣ್ಣು. ಮುತ್ತಕ್ಕ ಕಿರುಚಲಿಲ್ಲ. ಹಂಡೆಯಿಂದ ಒಂದು ಚೊಂಬು ಕುದಿಯುವ ನೀರು ಮೊಗೆದು ತೂತಿಗೆ ಸರಿಯಾಗಿ ಎರಚಿದಳು. ಆಚೆ ಒಬ್ಬ ಗಂಡಸು ಹಂದಿಯ ಹಾಗೆ ಕೂಗಿಕೊಂಡು ಓಡಿದ. ಮರುದಿನ ಬೆಳಿಗ್ಗೆ ಹಾಜರಿ ಬರೆಯಲು ಬಂದವನ ಎಡಗೆನ್ನೆ ಸುಲಿದು ಬೊಕ್ಕೆ ಎದ್ದಿತ್ತು. ಜೀಪಿನ ರೇಡಿಯೇಟರ್ ಮುಚ್ಚಳ ತೆಗೆಯುವಾಗ ಹಬೆ ಹೊಡೆಯಿತು ಅಂದ. ಡ್ರೈವರ್ ಅಲ್ಲೇ ಇದ್ದ. ನಿನ್ನೆ ಜೀಪು ಶೆಡ್ಡಿನಿಂದ ಹೊರಗೇ ಬಂದಿಲ್ಲ ಅಂದುಬಿಟ್ಟ.

ರೈಟರ್ ಅಶೋಕ್, ಮೇಡಂ. ನಮ್ಮ ಹೆಸರು ಕೂಗಿ ಹಾಜರಿ ಹಾಕುವವನು. ಯಾರು ಯಾವ ಸಾಲಿನಲ್ಲಿ ಕೆಲಸ ಮುಗಿಸಿ ಯಾವ ಹೊತ್ತಿಗೆ ಸ್ನಾನಕ್ಕೆ ಹೋಗುತ್ತಾರೆ ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನ ಆ ಬಾಯಿಂದ ನನ್ನ ಅಪ್ಪನ ಕಾಯಿಲೆ ಓದಿಸಿಕೊಂಡೆವು. ನೆನೆಸಿಕೊಂಡರೆ ಮೈ ಉಜ್ಜಿ ಉಜ್ಜಿ ತೊಳೆಯಬೇಕು ಅನ್ನಿಸುತ್ತದೆ. ಎಷ್ಟು ತೊಳೆದರೂ ಹೋಗುವುದಿಲ್ಲ. ಥೂ.

ಆದರೆ ಈ ಕಾಗದ ಬರೆಯಲು ಕೂತದ್ದು ಅವನನ್ನು ಬೈಯಲು ಅಲ್ಲ.

ನೀವು ಬರೆದ ಕಾಗದವನ್ನು ನಾನು ನಂಬಿದ್ದೆ. ಇದನ್ನು ಯಾರ ಹತ್ತಿರವೂ ಹೇಳಿಲ್ಲ. ನಿಮ್ಮ ಜೊತೆ ಜಗಳ ಆಡುತ್ತಾ ಬರೆದ ದಿನಗಳಲ್ಲೂ ಅರ್ಧ ನಂಬಿಯೇ ಇದ್ದೆ. ಅಪ್ಪನ ಎರಡೂ ಕಣ್ಣಿಗೆ ಪೊರೆ ಬಂದಿರುವುದು ನನಗೆ ಗೊತ್ತಿತ್ತು. ಅನ್ನದಲ್ಲಿ ಕಲ್ಲು ಆರಿಸಿ ಕೊಡುವವಳು ನಾನು, ಪೈಪು ಹಿಡಿದುಕೊಂಡೇ ಪಂಪ್‌ಹೌಸಿಗೆ ಹೋಗುವುದನ್ನು ದಿನಾ ನೋಡಿದವಳು ನಾನು. ಆದರೂ ಅಷ್ಟು ದೊಡ್ಡ ಆಸ್ಪತ್ರೆ, ಸೀಲು, ನಂಬರು. ಓದಿದವರು ಸುಮ್ಮನೆ ಬರೆಯುತ್ತಾರಾ ಅನ್ನಿಸಿತು. ಕುರುಡನ ಹಾಗೆ ನಾಟಕ ಆಡುತ್ತಾನೆ ಎಂದು ರೈಟರ್ ಹೇಳಿದಾಗ, ಇರಬಹುದಾ ಎಂದು ಯೋಚನೆ ಮಾಡಿದೆ. ನನ್ನನ್ನು ಹೆತ್ತ ಮನುಷ್ಯನ ಬಗ್ಗೆ.

ಜನವರಿಯಿಂದ ಅವನ ತಟ್ಟೆಯನ್ನು ಹೊರಗೆ ಜಗಲಿಯಲ್ಲಿ ಇಡುತ್ತಿದ್ದೆ. ಒಳಗೆ ಬಾ ಅನ್ನುತ್ತಿರಲಿಲ್ಲ. ನನ್ನ ಬಟ್ಟೆ ಒಣಗಿಸುವ ಹಗ್ಗವನ್ನು ಮನೆಯ ಹಿಂದಕ್ಕೆ ಕಟ್ಟಿದೆ. ಮುಂದಿನ ಕಂಬದಲ್ಲಿ ಹಗ್ಗ ಇಲ್ಲದ್ದು ಅವನ ಕೈಗೆ ತಿಳಿಯಿತು. ಅವನು ಮ್ಯಾನೇಜರ್ ಹೇಳಿದ್ದಕ್ಕೆ ಮನೆ ಬಿಟ್ಟ ಎಂದು ಲೈನಿನವರು ಅಂದುಕೊಂಡಿದ್ದಾರೆ.

ಈಗ ಹೇಳಿ. ಡಾಕ್ಟರು ಏನು ಬರೆದಿದ್ದರು?

ಅಕ್ಟೋಬರಿನಲ್ಲಿ ನಿಮ್ಮ ಆಸ್ಪತ್ರೆಯವರು ಪಾಲಿಬೆಟ್ಟದಲ್ಲಿ ಮಾಡಿದ ಕಣ್ಣಿನ ಕ್ಯಾಂಪಿಗೆ ಹೋಗಿದ್ದ. ಬೇರೆ ಯಾವುದಕ್ಕೂ ಬಂದಿಲ್ಲ.

ತುಳಸಿ


ಕುಶಾಲನಗರ
10 ಮಾರ್ಚ್ 2025

ತುಳಸಿ,

ಈ ಪತ್ರವನ್ನು ಆಸ್ಪತ್ರೆಯ ಕಾಗದದ ಮೇಲೆ ಬರೆಯುತ್ತಿಲ್ಲ. ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಡಾಕ್ಟರ್ ಪ್ರಿಯಾ ಬರೆದದ್ದು ಇಷ್ಟು. ಎಸ್ಟೇಟಿನವರು ಹೀಗೆ ಆರೋಪ ಮಾಡುತ್ತಾರೆ. ರೋಗಿ ಒಪ್ಪುವುದಿಲ್ಲ. ಅಂಥ ಯಾವ ಲಕ್ಷಣವೂ ನನಗೆ ಕಾಣಲಿಲ್ಲ. ದೃಷ್ಟಿ ತುಂಬ ಮಂದ, ಕಣ್ಣಿನ ವಿಭಾಗಕ್ಕೆ ತೋರಿಸಿ. ಎರಡು ವಾರದ ಮೇಲೆ ಮತ್ತೆ ಕರೆತನ್ನಿ. ಕಾಯಿಲೆಯ ಹೆಸರು ಬರೆಯಬೇಕಾದ ಜಾಗವನ್ನು ಅವರು ಖಾಲಿ ಬಿಟ್ಟಿದ್ದರು. ಖಾಲಿ ಬಿಟ್ಟದ್ದೇ ಅವರ ಉತ್ತರವಾಗಿತ್ತು.

ಆ ಜಾಗವನ್ನು ತುಂಬಿದವಳು ನಾನು. ಸಂಶಯದ ಮೇಲೆ ಪರೀಕ್ಷೆಗೆ ಬಂದವರಿಗೆಂದೇ ಬೇರೆ ಕೋಡ್ ಇದೆ, ಝಡ್ 03.2. ತರಬೇತಿಯ ಮೊದಲ ವಾರದಲ್ಲೇ ಹೇಳಿಕೊಡುತ್ತಾರೆ. ಡಾಕ್ಟರ್ ಖಚಿತ ಮಾಡದೆ ಕಾಯಿಲೆಯ ಕೋಡ್ ಹಾಕಬೇಡ ಎಂದು ನಾನೇ ಹೊಸಬರಿಗೆ ಪಾಠ ಮಾಡಿದ್ದೇನೆ. ಅವತ್ತು ಫೈಲಿಗೆ ಎಸ್ಟೇಟಿನಿಂದ ಬಂದ ಒಂದು ಪತ್ರ ಪಿನ್ ಮಾಡಿತ್ತು. ಹೆಂಗಸರ ಸ್ನಾನ ಕದ್ದು ನೋಡುವ ಚಟ ಇವನಿಗೆ ಬಹಳ ಕಾಲದಿಂದ ಇದೆ ಎಂದು ಒಂದು ಪುಟ ತುಂಬ ಬರೆದಿತ್ತು. ಓದಿ ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಡಾಕ್ಟರ ಟಿಪ್ಪಣಿಯನ್ನು ಅರ್ಧ ಓದಿ ಎಫ್ 65.3 ಒತ್ತಿದೆ. ನಿಜ ಹೇಳಬೇಕೆಂದರೆ ಒತ್ತುವಾಗ ಒಂಥರಾ ಸಮಾಧಾನವೂ ಆಯಿತು. ಬೀಳಲಿ ನನ್ಮಗನಿಗೆ ಅಂದುಕೊಂಡೆ. ಕ್ಷಮಿಸಿ, ಅಂದುಕೊಂಡದ್ದು ಹಾಗೆಯೇ.

ಆ ಪತ್ರದ ಕೆಳಗಿದ್ದ ಸಹಿ ರೈಟರ್ ಅಶೋಕನದ್ದು. ಅದರಲ್ಲಿ ಯಾವ ಹೆಂಗಸು ಎಷ್ಟು ಹೊತ್ತಿಗೆ ಸ್ನಾನಕ್ಕೆ ಬರುತ್ತಾಳೆ ಎಂಬುದೂ ಇತ್ತು. ಇದು ಇವನಿಗೆ ಹೇಗೆ ಗೊತ್ತು ಎಂದು ನನಗೆ ಅವತ್ತು ಹೊಳೆಯಲಿಲ್ಲ.

ಫೆಬ್ರವರಿ ಹದಿನಾಲ್ಕರಂದು ನಿಮಗೆ ಪತ್ರ ಬರೆಯುವಾಗಲೇ ಇದೆಲ್ಲ ನನಗೆ ಗೊತ್ತಿತ್ತು. ನಿಮ್ಮ ಅರ್ಜಿ ಬಂದ ದಿನವೇ ಫೈಲು ತೆಗೆದು ಪೂರ್ತಿ ಓದಿದ್ದೆ. ಡಾಕ್ಟರ ಒಪ್ಪಿಗೆ, ತಾಳ್ಮೆ ಎಂದು ಬರೆದದ್ದೆಲ್ಲ ದಿನ ದೂಡುವ ಮಾತು. ಚನ್ನಮಲ್ಲಪ್ಪನವರಿಗೆ ತೋರಿಸಿದೆ. ವರ್ಷಾನುಗಟ್ಟಲೆಯಿಂದ ನಮ್ಮ ಹತ್ತಿರ ಬರುವ ಎಸ್ಟೇಟು, ಒಬ್ಬ ಪಂಪಿನವನಿಗಾಗಿ ಇದನ್ನು ಹೊರಗೆ ತರಬೇಡ, ಅವರಾಗಿಯೇ ಸುಮ್ಮನಾಗುತ್ತಾರೆ ಅಂದರು. ನಾನೂ ಹಾಗೇ ಆಗಲಿ ಎಂದು ಆಸೆ ಪಟ್ಟೆ.

ನೀವು ಕಣ್ಣಿನ ಕ್ಯಾಂಪ್ ಎಂದು ಬರೆದದ್ದು ಓದಿ ಆ ಫೈಲನ್ನೂ ಹುಡುಕಿದೆ. ಕೆಂಚ, ಐವತ್ತಾರು, ಎರಡೂ ಕಣ್ಣಿಗೆ ಪೊರೆ, ಹತ್ತಡಿ ಆಚೆ ನಿಂತವರು ಗಂಡೋ ಹೆಣ್ಣೋ ತಿಳಿಯುವುದಿಲ್ಲ, ಆಪರೇಷನ್ ಬೇಕು. ಅದಕ್ಕೆ ಕೋಡ್ ಹಾಕಿದವಳ ಹೆಸರು ಕೆಳಗೆ ಇತ್ತು. ಅದು ನನ್ನದೇ. ಅಕ್ಟೋಬರಿನಲ್ಲಿ ಕಣ್ಣು ಕಾಣದು ಎಂದು ಬರೆದ ಕೈಯೇ ಜನವರಿಯಲ್ಲಿ ಕದ್ದು ನೋಡುತ್ತಾನೆ ಎಂದು ಬರೆದಿದೆ. ಆಗ ತಪ್ಪು ಕಾರಣಕ್ಕೆ ಕೈ ತೊಳೆದಿದ್ದೆ. ಈಗ ಈ ಕೈ ನೋಡಿದರೆ ನನಗೇ ಅಸಹ್ಯ.

ಮೊನ್ನೆ ಶನಿವಾರ ಡಾಕ್ಟರ್ ಪ್ರಿಯಾ ಮುಂದೆ ಎರಡೂ ಫೈಲು ಇಟ್ಟೆ. ಅವರು ಎರಡನ್ನೂ ಓದಿದರು. ಆಮೇಲೆ, ನನ್ನ ಹೆಸರಿನ ಕೆಳಗೆ ಇದನ್ನು ಕಳಿಸಿದಿರಾ ಎಂದು ಮಾತ್ರ ಕೇಳಿದರು. ಅಲ್ಲೇ ಕೂತು ತಿದ್ದುಪಡಿ ಬರೆದು ಸಹಿ ಹಾಕಿದರು. ಅದರ ಪ್ರತಿ, ಅವರ ಟಿಪ್ಪಣಿಯ ಪ್ರತಿ, ಕಣ್ಣಿನ ಫೈಲಿನ ಪ್ರತಿ, ಎಸ್ಟೇಟಿಗೆ ಹೋದ ಕೋಡ್ ಆಸ್ಪತ್ರೆಯ ತಪ್ಪು ಎಂದು ಅವರು ಬರೆದ ಪತ್ರ, ನಾಲ್ಕೂ ಇದರೊಳಗಿವೆ. ಎಸ್ಟೇಟ್ ಮ್ಯಾನೇಜರಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಬೇರೆ ಕಳಿಸಿದ್ದೇವೆ.

ಒಂದು ವಿಷಯ ನಿಮಗೆ ಸಿಟ್ಟು ತರಿಸುತ್ತದೆ, ಆದರೂ ಹೇಳಲೇಬೇಕು. ದಾಖಲೆಯಲ್ಲಿ ಬರೆದದ್ದನ್ನು ಅಳಿಸುವ ಹಾಗಿಲ್ಲ. ಮೇಲೆ ಒಂದು ಗೆರೆ ಎಳೆದು, ತಪ್ಪು ಎಂದು ಬರೆದು, ತಾರೀಕು ಹಾಕಬೇಕು. ಹಳೆಯದು ಗೆರೆಯ ಕೆಳಗೆ ಕಾಣಿಸುತ್ತಲೇ ಇರುತ್ತದೆ.

ನಿಮ್ಮ ತಂದೆಯ ಹತ್ತಿರ ಬಂದು ಕ್ಷಮೆ ಕೇಳಬೇಕು ಅಂದುಕೊಂಡಿದ್ದೇನೆ. ನೀವು ಬಾ ಅಂದರೆ ಬರುತ್ತೇನೆ.

ದಿವ್ಯಶ್ರೀ


ಪಾಲಿಬೆಟ್ಟ
19 ಮಾರ್ಚ್ 2025

ದಿವ್ಯಕ್ಕ,

ನಾಲ್ಕೂ ಕಾಗದ ಸಿಕ್ಕಿತು. ಗೆರೆ ಎಳೆದದ್ದನ್ನೂ ನೋಡಿದೆ. ಕೆಳಗಿನದ್ದು ಚೆನ್ನಾಗಿಯೇ ಓದಲು ಬರುತ್ತದೆ.

ನಿಮ್ಮ ಮೇಲೆ ಸಿಟ್ಟು ಇದೆ, ಇಲ್ಲ ಅನ್ನುವುದಿಲ್ಲ. ಆ ಫೆಬ್ರವರಿ ಕಾಗದದ ಬದಲು ನಿಜ ಬರೆದಿದ್ದರೆ ಇಪ್ಪತ್ತನೇ ತಾರೀಕಿಗೆ ಮೊದಲು ಅದು ನನ್ನ ಕೈಯಲ್ಲಿ ಇರುತ್ತಿತ್ತು. ಆಗ ಅಪ್ಪ ಇನ್ನೂ ಮನೆಯಲ್ಲೇ ಇದ್ದ. ಇದನ್ನು ಬಿಟ್ಟು ಬೇರೆ ಹೇಳುವುದಿಲ್ಲ.

ತಿದ್ದಿದ ಕಾಗದವನ್ನೂ ಹಾಜರಿಯಲ್ಲಿ ಓದಬೇಕು ಎಂದು ಮ್ಯಾನೇಜರ ಹತ್ತಿರ ಹೋಗಿ ಕೇಳಿದೆ. ಅದೆಲ್ಲ ಯಾಕಮ್ಮ, ಕೆಂಚ ಬೇಕಾದರೆ ಕೆಲಸಕ್ಕೆ ಬರಲಿ, ಮುಗಿದ ಕಥೆ ಬಿಡು ಅಂದರು. ಬೈದು ಓದುವುದಕ್ಕೆ ಹಾಜರಿ ಬೇಕಿತ್ತು, ತಪ್ಪಾಯಿತು ಎಂದು ಹೇಳುವುದಕ್ಕೆ ಹಾಜರಿ ಬೇಡ. ಮರುದಿನ ಬೆಳಿಗ್ಗೆ ಮುತ್ತಕ್ಕ ಸಾಲಿನ ಮುಂದೆ ಹೋಗಿ ಅಡ್ಡ ನಿಂತಳು. ಇದನ್ನು ಓದುವ ತನಕ ಯಾರೂ ಬುಟ್ಟಿ ಎತ್ತುವುದಿಲ್ಲ ಅಂದಳು. ನಾನು ಓದಿದೆ. ಉಗಿದವರೆಲ್ಲ ನೆಲ ನೋಡುತ್ತಿದ್ದರು. ನಾನೂ ನೆಲ ನೋಡುತ್ತಲೇ ಓದಿದೆ.

ಅಶೋಕನ ಮೇಲೆ ಠಾಣೆಗೆ ದೂರು ಕೊಟ್ಟಿದ್ದೇವೆ. ಹನ್ನೊಂದು ಜನ ಸಹಿ ಹಾಕಿದ್ದೇವೆ. ಅವನ ಫೋನು ಪೊಲೀಸರ ಹತ್ತಿರ ಇದೆ. ಅದರಲ್ಲಿ ಏನಿದೆ ಎಂದು ನಮಗೆ ತೋರಿಸಲಿಲ್ಲ, ಆದರೆ ಬಂದ ಮಹಿಳಾ ಪೇದೆ ನಮ್ಮ ಮುಖ ನೋಡದೆ ಹೇಳಿಕೆ ಬರೆದುಕೊಂಡಳು. ಅಷ್ಟರಲ್ಲೇ ಗೊತ್ತಾಯಿತು. ಆ ಹೊತ್ತಿನಿಂದ ನನಗೆ ನೀರು ಮುಟ್ಟಲೂ ಅಸಹ್ಯವಾಗುತ್ತದೆ.

ಈಗ ಮ್ಯಾನೇಜರ್ ಹೊಸ ರಾಗ ತೆಗೆದಿದ್ದಾರೆ. ಅಶೋಕನಿಗೆ ಮನಸ್ಸಿನ ಕಾಯಿಲೆಯಂತೆ, ಪಾಪ, ಅವನ ಕೈಯಲ್ಲಿ ಇಲ್ಲವಂತೆ. ಶನಿವಾರ ಕುಶಾಲನಗರಕ್ಕೆ ಕರೆದುಕೊಂಡು ಹೋಗಿ ಸರ್ಟಿಫಿಕೇಟ್ ತರುತ್ತಾರಂತೆ. ಅದನ್ನು ವಕೀಲರು ಠಾಣೆಗೂ ಕೋರ್ಟಿಗೂ ಕೊಡುತ್ತಾರಂತೆ. ಯಾವ ಕೋಡ್ ಕೇಳಲು ಬರುತ್ತಾರೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ನನ್ನ ಅಪ್ಪನನ್ನು ಲೈನಿನಿಂದ ಹೊರಗೆ ಹಾಕಿದ ಅದೇ ಅಕ್ಷರ, ಅದೇ ನಂಬರು. ಅಪ್ಪನಿಗೆ ಅದು ಮಸಿಯಾಯಿತು. ಇವನಿಗೆ ಕಂಬಳಿಯಾಗಬೇಕಾ?

ಕಾಯಿಲೆ ಇರುವವರು ಇರಬಹುದು ಅಕ್ಕ, ಅವರಿಗೆ ಔಷಧಿ ಸಿಗಲಿ. ಆದರೆ ಬೇರೆಯವನ ಮೇಲೆ ಹಾಕಲು ಒಂದು ಪುಟ ತುಂಬ ಬರೆಯುವಷ್ಟು ಬುದ್ಧಿ ನೆಟ್ಟಗಿದ್ದವನಿಗೆ ಸಿಕ್ಕಿಬಿದ್ದ ಮೇಲೆ ಯಾವ ಕಾಯಿಲೆ?

ಈ ಭಾನುವಾರ ಕಳೆದ ಮೇಲೆ ತಿತಿಮತಿಗೆ ಹೋಗಿ ಅಪ್ಪನನ್ನು ಕರೆದುಕೊಂಡು ಬರುತ್ತೇನೆ. ಅವನು ಬಂದ ಮೇಲೆ ನೀವು ಬರುವ ವಿಷಯ ಕೇಳಿ ಹೇಳುತ್ತೇನೆ.

ತುಳಸಿ


ಕುಶಾಲನಗರ
24 ಮಾರ್ಚ್ 2025

ತುಳಸಿ,

ಶನಿವಾರ ಯಾರು ಬಂದರು, ಯಾರು ಬರಲಿಲ್ಲ ಎಂದು ನಿಮಗೆ ಹೇಳುವ ಹಾಗಿಲ್ಲ. ಜನವರಿಯಲ್ಲಿ ನಿಮ್ಮ ತಂದೆಯ ವಿಷಯದಲ್ಲಿ ಮುರಿದ ನಿಯಮ ಇದೇ. ಈಗ ಯಾರ ವಿಷಯದಲ್ಲೂ ಮುರಿಯುವುದಿಲ್ಲ, ಎಷ್ಟು ಹೇಸಿಗೆಯವನಾದರೂ.

ನನ್ನ ಕೆಲಸದ ಬಗ್ಗೆ ಮಾತ್ರ ಬರೆಯುತ್ತೇನೆ. ಶನಿವಾರ ನಾನು ರಜೆ ಹಾಕಲಿಲ್ಲ. ಸಂಜೆ ಬಂದ ಒಂದೊಂದು ಫೈಲನ್ನೂ ಮೂರು ಸಲ ಓದಿದೆ, ಪಿನ್ ಮಾಡಿದ ಪತ್ರಗಳನ್ನು ತೆಗೆದು ಪಕ್ಕಕ್ಕೆ ಇಟ್ಟು ಡಾಕ್ಟರ ಟಿಪ್ಪಣಿಯನ್ನು ಮಾತ್ರ ಓದಿದೆ. ಒಂದು ಕಡೆ ಕೈ ತಾನಾಗಿ ಒಂದು ಕೋಡಿನ ಕಡೆ ಹೋಯಿತು. ಈ ಸಲವೂ ಸಿಟ್ಟಿನಿಂದಲೇ. ಕೈ ಹಿಂದಕ್ಕೆ ತೆಗೆದು ಮತ್ತೆ ಓದಿದೆ. ಕಾಯಿಲೆಗಲ್ಲದೆ ಬರೀ ಸರ್ಟಿಫಿಕೇಟಿಗಾಗಿ ಬಂದವರಿಗೂ ನಮ್ಮಲ್ಲಿ ಒಂದು ಕೋಡ್ ಇದೆ. ಎಷ್ಟೋ ತಿಂಗಳ ಮೇಲೆ ಮೊನ್ನೆ ಅದನ್ನು ಬಳಸಿದೆ. ಯಾರಿಗೆ ಎಂದು ಕೇಳಬೇಡಿ.

ಚನ್ನಮಲ್ಲಪ್ಪನವರು ಇವತ್ತು ಬೆಳಿಗ್ಗೆ ನನ್ನನ್ನು ದಾಖಲೆ ವಿಭಾಗದಿಂದ ತೆಗೆದು ಔಷಧಿ ಉಗ್ರಾಣಕ್ಕೆ ಹಾಕಿದ್ದಾರೆ. ಬೇಸರವಿಲ್ಲ. ಡಬ್ಬಿಯ ಮೇಲೆ ಏನಿದೆಯೋ ಅದನ್ನೇ ಓದಿ ಕೊಟ್ಟರೆ ಸಾಕು ಅಲ್ಲಿ.

ನಿಮ್ಮ ತಂದೆಯ ಕಣ್ಣಿನ ಆಪರೇಷನ್ನಿಗೆ ಏಪ್ರಿಲ್ ಹದಿನೈದು ಗೊತ್ತು ಮಾಡಿಸಿದ್ದೇನೆ. ಕರೆದುಕೊಂಡು ಬನ್ನಿ. ಅವರು ಏನಂದರು ಎಂದು ತಿಳಿಸಿ.

ದಿವ್ಯಶ್ರೀ


ಪಾಲಿಬೆಟ್ಟ
4 ಏಪ್ರಿಲ್ 2025

ದಿವ್ಯಕ್ಕ,

ಅಶೋಕನ ಕೈಗೆ ಅವರು ಬಯಸಿದ ಕಾಗದ ಸಿಗಲಿಲ್ಲ ಎಂದು ಡ್ರೈವರ್ ಹೇಳಿದ. ಮ್ಯಾನೇಜರ್ ದಾರಿಯುದ್ದಕ್ಕೂ ಆಸ್ಪತ್ರೆಯನ್ನು ಬೈಯುತ್ತಾ ಬಂದರಂತೆ. ಕೇಸು ನಡೆಯುತ್ತಿದೆ. ಈಗ ಹಾಜರಿ ಬರೆಯಲು ಬೇರೆಯವರು ಬಂದಿದ್ದಾರೆ. ಬಚ್ಚಲಿಗೆ ಒಳಗಿನಿಂದ ಇಟ್ಟಿಗೆ ಗೋಡೆ ಕಟ್ಟಿಸಿದ್ದೇವೆ. ನಿಮಗೆ ಥ್ಯಾಂಕ್ಸ್ ಹೇಳಬೇಕು ಎಂದು ಮುತ್ತಕ್ಕ ಹೇಳಿದ್ದಾಳೆ, ಅದಕ್ಕೆ ಬರೆದಿದ್ದೇನೆ.

ತಿತಿಮತಿಗೆ ಹೋಗಿದ್ದೆ. ಅಪ್ಪ ಅತ್ತೆಯ ಮನೆಯ ಅಂಗಳದಲ್ಲಿ ಕೂತು ಬಿದಿರು ಸೀಳುತ್ತಿದ್ದ, ಕೈ ತಡವಿ ತಡವಿ. ನನ್ನ ಕಾಲಿನ ಸದ್ದಿಗೇ ಗುರುತು ಹಿಡಿದ. ನಾಲ್ಕೂ ಕಾಗದ ಓದಿ ಹೇಳಿದೆ. ಅಶೋಕನದ್ದು ಹೇಳಿದೆ, ಹಾಜರಿಯಲ್ಲಿ ಓದಿದ್ದು ಹೇಳಿದೆ, ಪಂಪ್‌ಹೌಸ್ ಕೆಲಸ ಇದೆ, ಮನೆ ಇದೆ, ಹೋಗುವ ಬಾ ಅಂದೆ. ನೀವು ಕ್ಷಮೆ ಕೇಳಲು ಬರುತ್ತೀರಂತೆ ಎಂದೂ ಹೇಳಿದೆ. ಅವನು ನಕ್ಕ. ಆ ಯಮ್ಮ ನನ್ನ ಮುಖನೇ ನೋಡಿಲ್ಲ, ಪಾಪ, ಅಷ್ಟು ದೂರದಿಂದ ಯಾಕೆ ಬರೋದು, ಬಿಡು ಅಂದ. ನಿಮ್ಮನ್ನು ಅವನು ಯಾವತ್ತೋ ಕ್ಷಮಿಸಿಬಿಟ್ಟಿದ್ದಾನೆ ಅಕ್ಕ. ನೀವು ಅವನಿಗೆ ಯಾರೂ ಅಲ್ಲ. ಬರುವುದು ಬೇಡ.

ಹದಿನೈದಕ್ಕೆ ಅತ್ತೆಯ ಮಗ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಬರುತ್ತಾನೆ. ನಾನಲ್ಲ.

ಯಾಕೆಂದರೆ ಆಮೇಲೆ ಅಪ್ಪ ಕತ್ತಿ ಕೆಳಗಿಟ್ಟು ಒಂದು ಮಾತು ಕೇಳಿದ. "ಈ ಕಾಗ್ದ ಬರೋಕೆ ಮುಂಚೆ ನೀ ಏನ್ ಅಂದ್ಕೊಂಡಿದ್ದೆ ಮಗಾ?"

ನೀನು ಮಾಡಿಲ್ಲ ಅಂತ ನನಗೆ ಗೊತ್ತಿತ್ತು ಅಪ್ಪ, ಅಂದೆ.

ಅವನು ನನ್ನ ಕಡೆಗೇ ಮುಖ ಮಾಡಿದ. ಆಮೇಲೆ ಕತ್ತಿ ತೆಗೆದುಕೊಂಡ. ಬಸ್ಸಿಗೆ ಹೊತ್ತಾಯ್ತು, ಹೋಗು ಅಂದ.

ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು.

ತುಳಸಿ